ಹಳೆಯ ಮೋಟಾರಿನ ಸವೆದ ಕೀಲುಗಳು

ಕಳೆದ ತಿಂಗಳಿನ ಸಂಚಿಕೆಯಲ್ಲಿ ಮಳೆಗಾಲದ ಥಂಡಿಯಿಂದ ತೊಗರಿಬೇಳೆಯನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನು. ಅದನ್ನೋದಿದ ವಾಚಕರೊಬ್ಬರು ಕಾಗದ ಬರೆದು, ‘ಮಾಸ್ತರರೇ, ಬೇಳೆಯ ಮಾತು ಸರಿಯೇ ಸರಿ, ಆದರೆ ಬೇಳೆಗಿಂತ ಹೆಚ್ಚು ಹಣವನ್ನು ನುಂಗುವ ವಸ್ತುವು ಎಷ್ಟೋ ಮನೆಗಳ ಅಂಗಳದಲ್ಲಿ ನಾಲ್ಕು ಗಾಲಿಗಳ ಮೇಲೆ ನಿಂತಿರುತ್ತದೆ. ಅದರ ವಿಷಯವಾಗಿ ತಾವೇಕೆ ಬರೆಯುವದಿಲ್ಲ?’ ಎಂದು ಕೇಳಿದ್ದಾರೆ. ಕಾಕತಾಲೀಯವೆಂದರೆ ಇದೇ. ಆ ಕಾಗದವು ಬಂದ ವಾರದಲ್ಲಿಯೇ ನಮ್ಮ ಅಂಗಳದ ವಸ್ತುವೂ ತನ್ನ ವಿಷಯವನ್ನು ಬರೆಯಲೇಬೇಕೆಂದು ನನ್ನ ಬೆನ್ನು ಹತ್ತಿತು.

ನಮ್ಮದು ಮಾರುತಿ 800. ಈ ಜಾತಿಯ ಕಾರು 1983ರ ಡಿಸೆಂಬರದಲ್ಲಿ ಮೊದಲು ಜನರ ಕೈಗೆ ಬಂದಿತು. 2014ರ ಜನೆವರಿಯಲ್ಲಿ ಅದರ ತಯಾರಿಕೆಯು ನಿಂತುಹೋಯಿತು. ನಾವು ಕೊಂಡದ್ದು 2003ನೆಯ ಇಸವಿಯಲ್ಲಿ, ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಹೇಳುತ್ತಿದ್ದಾಗ, ಸಾಲ ಮಾಡಿ. ಸಾಲವು ತೀರಿದ ದಿನ ನಮ್ಮ ಮನೆಯವರು ಅದರ ಮುಖಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆಸಿದರು. ಮಗಳು ಹಾಸಿಗೆ ಪೆಟ್ಟಿಗೆಗಳೊಡನೆ ರಾಯಚೂರಿನ ಕಾಲೇಜಿಗೆ ಹೋದದ್ದು ಈ ಕಾರಿನಲ್ಲಿ. ನಮ್ಮ ತಾಯಿಯವರನ್ನು ಕಡೆಯ ಸಾರೆ ದವಾಖಾನೆಗೆ ಒಯ್ದದ್ದೂ ಈ ಕಾರಿನಲ್ಲಿಯೇ. ಇಷ್ಟನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ನಾನು ಈ ವಿಷಯದಲ್ಲಿ ಪಕ್ಷಪಾತಿ ಎಂಬದು ವಾಚಕರಿಗೆ ತಿಳಿದಿರಲಿ.

ಸೈದಾಪುರವು ರೈಲ್ವೆ ಹಳಿಯ ಮೇಲಿನ ಊರು. ಮುಂಬಯಿಯ ಕಡೆಯಿಂದ ಬಂದ ಹಳಿಯು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತಷ್ಟೆ, ಆ ದಾರಿಯಲ್ಲಿ ನಮ್ಮ ಸ್ಟೇಶನ್ನು ಇದೆ. ಬಹುಕಾಲದ ವರೆಗೆ ಅದಕ್ಕೆ ನಾರಾಯಣಪೇಟ ರೋಡ್ ಎಂದೇ ಹೆಸರು ಇದ್ದಿತು. ರೈಲು ಇರುವಾಗ ಮೋಟಾರೇಕೆ ಎಂದು ಕೇಳುವವರು ರಾತ್ರಿಯ ಹೊತ್ತು ಯಾದಗಿರಿಯ ದವಾಖಾನೆಗೆ ರೋಗಿಯನ್ನು ಒಯ್ಯುವ ಪ್ರಸಂಗವನ್ನು ಕಂಡವರಲ್ಲ. ರೈಲು ತನ್ನ ಹೊತ್ತಿಗೆ ಬರುವದು. ಬೇನೆಯು ತನ್ನ ಹೊತ್ತಿಗೆ ಬರುವದು.

ಇನ್ನು ನಮ್ಮ ಕಡೆಯ ರಸ್ತೆಗಳ ಮಾತು. ರಸ್ತೆ ಮಾಡುವವರನ್ನು ಬಯ್ಯುವದು ಸುಲಭ, ನಾನೂ ಬಯ್ದಿದ್ದೇನೆ; ಆದರೆ ಅರ್ಧ ದೋಷವು ಭೂಮಿಯದು. ಈ ಸೀಮೆಯಲ್ಲಿ ಎರೆಯ ನೆಲವು ಬಹಳ. ಎರೆಮಣ್ಣು ಮಳೆಯ ನೀರನ್ನು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಆರಿ ಕೈ ಹಿಡಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ಚೆನ್ನಾಗಿದ್ದರೂ ಕೆಳಗಿನ ನೆಲವು ವರ್ಷಕ್ಕೊಮ್ಮೆ ಉಸಿರಾಡಿದರೆ ರಸ್ತೆಯು ಅಲೆಯಲೆಯಾಗಿ ಏಳದೆ ಏನು ಮಾಡೀತು? ಅದರ ಮೇಲೆ ಭತ್ತದ ಲಾರಿ, ಹತ್ತಿಯ ಲಾರಿ, ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವ ಭಾರದ ಲಾರಿಗಳು. ಇಂಥ ದಾರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ನಡೆದ ಸಣ್ಣ ಕಾರಿನ ಕೀಲುಗಳು ಸವೆದಿದ್ದರೆ ಅದು ಆಶ್ಚರ್ಯವಲ್ಲ. ನನಗೆ ತಿಳಿಯದೆ ಹೋದದ್ದೇ ಆಶ್ಚರ್ಯ.

ತಿಳಿಯದೆ ಹೋಯಿತೆಂದು ಹೇಳುವದೂ ಪೂರ್ಣ ಸತ್ಯವಲ್ಲ. ಶಬ್ದವು ಬರುತ್ತಿದ್ದಿತು. ಕಾಳಿದಾಸನು ರಘುವಂಶದ ಮೊದಲನೆಯ ಸರ್ಗದಲ್ಲಿ ದಿಲೀಪ ಸುದಕ್ಷಿಣೆಯರನ್ನು ಒಂದೇ ರಥದಲ್ಲಿ ವಸಿಷ್ಠಾಶ್ರಮಕ್ಕೆ ಕಳುಹಿಸುತ್ತಾನೆ. ಆ ರಥದ ಗಾಲಿಯ ದನಿಗೆ ದಾರಿಯ ನವಿಲುಗಳು ಮುಖವೆತ್ತಿ ಷಡ್ಜದಲ್ಲಿ ಕೂಗುತ್ತವೆ. ಮೂವತ್ತು ವರ್ಷ ಆ ಭಾಗವನ್ನು ಮಕ್ಕಳಿಗೆ ಹೇಳಿದವನ ರಥವು ಓಣಿಯೊಳಗೆ ಬಂದರೆ ನಾಯಿಗಳು ಎದ್ದು ಓಡುತ್ತಿದ್ದವು. ತಗ್ಗಿನಲ್ಲಿ ಇಳಿದರೆ ಧಡ್ಡೆಂಬ ಸದ್ದು, ತಿರುವಿನಲ್ಲಿ ಕಿರ್ರೆಂಬ ಸದ್ದು, ಬ್ರೇಕು ಒತ್ತಿದರೆ ಕೆಳಗೆಲ್ಲಿಯೋ ಟಕ್ಕೆಂಬ ಒಂದು ಸದ್ದು. ಮೊದಲ ವರ್ಷ ಅದು ಕಿವಿಗೆ ಬಿದ್ದಿತು. ಎರಡನೆಯ ವರ್ಷ ರಸ್ತೆಯದೇ ತಪ್ಪೆಂದುಕೊಂಡೆನು. ಮೂರನೆಯ ವರ್ಷ ಕಿವಿಯು ಅದನ್ನು ಕೇಳುವದನ್ನೇ ಬಿಟ್ಟಿತು. ಸವೆತದ ಸ್ವಭಾವವೇ ಹೀಗೆ. ಅದು ಒಮ್ಮೆಲೇ ಬರುವದಿಲ್ಲವಾದ್ದರಿಂದ ನಡೆಸುವವನು ದಿನಕ್ಕಿಷ್ಟು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತಾನೆ.

ಶ್ರಾವಣದ ಎರಡನೆಯ ಸೋಮವಾರ ಯಾದಗಿರಿಯಿಂದ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ನಮ್ಮ ಮನೆಯವರೂ ನೆರೆಮನೆಯ ವೃದ್ಧೆಯೊಬ್ಬರೂ ಇದ್ದರು. ಒಂದು ತಿರುವಿನಲ್ಲಿ ಕುರಿಹಿಂಡು ರಸ್ತೆಯನ್ನು ದಾಟುತ್ತಿದ್ದಿತು. ವೇಗವೇನೂ ಹೆಚ್ಚಿರಲಿಲ್ಲ; ಬ್ರೇಕು ಒತ್ತಿದೆನು. ಕಾರು ಮೂಗನ್ನು ನೆಲಕ್ಕೆ ಊರಿತು, ಎದ್ದಿತು, ಮತ್ತೆ ಊರಿತು; ಎಡಗಡೆಯ ಮುಂದಿನ ಗಾಲಿಯು ನೆಲವನ್ನು ಹಿಡಿಯದೆ ಪಟಪಟನೆ ಹಾರುತ್ತ ರಸ್ತೆಯ ಅಂಚಿಗೆ ಎಳೆದುಕೊಂಡು ಹೋಯಿತು. ಕಡೆಯ ಮರಿಗೆ ಎರಡು ಮೊಳ ಉಳಿದಿರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕುರಿಯವನು ಬಯ್ಯಲಿಲ್ಲ, ಕೋಲನ್ನು ಊರಿ ನಿಂತು ನೋಡಿ, ‘ಯಪ್ಪಾ, ನಿಮ್ಮ ಗಾಡಿ ನಿಂತ ಮ್ಯಾಲೂ ಕುಣೀತದಲ್ರಿ!’ ಎಂದನು. ಮುಂದೆ ಎರಡು ದಿನ ಕಳೆದು ಮಿಸ್ತ್ರಿಯು ಅರ್ಧ ತಾಸು ಪರೀಕ್ಷಿಸಿ ಹೇಳಿದ್ದೂ ಇಷ್ಟೇ.

ಆ ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಮೆಲ್ಲನೆ ಮಾತು ತೆಗೆದರು. ಮಗಳಿಗೆ ಈಗ ಏಳನೆಯ ತಿಂಗಳು. ಚೊಚ್ಚಲ ಹೆರಿಗೆ. ಕುಬಸದ ಕಾರ್ಯ ಮುಗಿಸಿ ನಮ್ಮಲ್ಲಿಗೆ ಬರುವವಳು. ಮೂರು ತಿಂಗಳು, ನಾಲ್ಕು ತಿಂಗಳು ಇಲ್ಲಿಯೇ ಇರುವವಳು. ಹದಿನೈದು ದಿನಕ್ಕೊಮ್ಮೆ, ಆ ಮೇಲೆ ವಾರಕ್ಕೊಮ್ಮೆ, ಯಾದಗಿರಿಗೆ ತೋರಿಸಲು ಕರೆದೊಯ್ಯಬೇಕು. ‘ನಿಮಗ ಆ ಗಾಡಿ ರೂಢಿ ಆಗ್ಯದ. ಆಕಿಗೆ ರೂಢಿ ಮಾಡಿಸಬ್ಯಾಡ್ರಿ’ ಎಂದರು. ನನಗೆ ಉತ್ತರವು ತೋಚಲಿಲ್ಲ.

ಮರುದಿನ ಬೆಂಗಳೂರಿನಲ್ಲಿರುವ ಮಗನಿಗೆ ದೂರವಾಣಿಯಲ್ಲಿ ತಿಳಿಸಿದೆನು. ಅವನು ತಟ್ಟನೆ, ‘ಅಪ್ಪಾ, ಅದನ್ನು ಮೊದಲು ಮಾರಿರಿ, ಮೂವತ್ತು ಸಾವಿರದ ಗಾಡಿಗೆ ಹದಿನೈದು ಸಾವಿರ ಹಾಕುವದು ಯಾವ ಲೆಕ್ಕ? ಕಂತಿನ ಮೇಲೆ ಹೊಸದನ್ನು ಕೊಳ್ಳೋಣ, ನಾನೂ ಕೈ ಹಚ್ಚುತ್ತೇನೆ’ ಎಂದನು. ನಮ್ಮೂರಿನ ಗೆಳೆಯರೊಬ್ಬರು ತದ್ವಿರುದ್ಧವಾಗಿ, ‘ಶಾಕಪ್ಸರಕ್ಕೆ ಎಣ್ಣೆ ಹಾಕಿಸಿದರೆ ಎಂಟು ನೂರರಲ್ಲಿ ಮುಗಿಯುವ ಮಾತು’ ಎಂದರು. ಹದಿನೈದು ಸಾವಿರ, ಆರು ಲಕ್ಷ, ಎಂಟು ನೂರು. ಮೂರನ್ನೂ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದರು. ಯಾವುದನ್ನು ಹಿಡಿಯಬೇಕಾದರೂ ಕಾರಿನ ಹೊಟ್ಟೆಯ ಕೆಳಗೆ ಏನಿದೆಯೆಂಬದನ್ನು ತಿಳಿಯದೆ ಆಗದು ಎಂದು ನಿಶ್ಚಯಿಸಿದೆನು.

ಇಲ್ಲಿ ಸ್ವಲ್ಪ ಶಾಸ್ತ್ರದ ಮಾತು ಬರುವದು, ಸಹೋದರಿಯರು ಬೇಸರಿಸಬಾರದು. ತರ್ಕಸಂಗ್ರಹವನ್ನು ಓದಿದವರಿಗೆ ನೆನಪಿರಬಹುದು: ಸಂಸ್ಕಾರವೆಂಬ ಗುಣವು ಮೂರು ಬಗೆಯದು. ವೇಗವೊಂದು, ಭಾವನೆಯೊಂದು, ಸ್ಥಿತಿಸ್ಥಾಪಕವೊಂದು. ಬಗ್ಗಿಸಿದ ವಸ್ತುವನ್ನು ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕ. ಚಾಪೆಯನ್ನು ಸುತ್ತಿಟ್ಟು ಹಾಸಿದರೆ ಅದು ಮತ್ತೆ ಸುತ್ತಿಕೊಳ್ಳುವದು ಇದರಿಂದಲೇ. ಮೋಟಾರಿನ ಕಮಾನು, ಅಂದರೆ ಸ್ಪ್ರಿಂಗು, ನಿಂತಿರುವದು ಈ ಗುಣದ ಮೇಲೆ. ಗಾಲಿಯು ಗುಂಡಿಗೆ ಇಳಿದರೂ ಏರಿದರೂ ಕಮಾನು ತಾನು ಕುಗ್ಗಿ ಹಿಗ್ಗಿ ಮೇಲಿನ ಪೆಟ್ಟಿಗೆಗೆ ಪೆಟ್ಟು ಮುಟ್ಟದಂತೆ ನೋಡಿಕೊಳ್ಳುವದು. ಕುದುರೆಗಾಡಿಗಳಿಗೆ ಬಾಗಿದ ಉಕ್ಕಿನ ಪಟ್ಟಿಗಳ ಕಮಾನನ್ನು ಕೂಡಿಸುವ ಪದ್ಧತಿಗೆ ಲಂಡನ್ನಿನ ಓಬದೈಯ ಎಲಿಯಟ್ ಎಂಬವನು 1804ರ ಸುಮಾರಿಗೆ ಹಕ್ಕುಪತ್ರ ಪಡೆದನು. ಇಂದಿಗೂ ಲಾರಿಗಳ ಕೆಳಗೆ ಆ ಪಟ್ಟಿಗಳನ್ನೇ ಕಾಣುತ್ತೇವೆ. ನಮ್ಮ ಕಾರಿನಲ್ಲಿ ಇರುವವು ಸುರುಳಿಯ ಕಮಾನುಗಳು.

ಆದರೆ ಕಮಾನಿಗೆ ಒಂದು ದೋಷವುಂಟು. ಅದಕ್ಕೆ ಹಿಂದಿರುಗುವದು ಗೊತ್ತು, ನಿಲ್ಲುವದು ಗೊತ್ತಿಲ್ಲ. ಒಮ್ಮೆ ಒತ್ತಿ ಬಿಟ್ಟರೆ ತೊಟ್ಟಿಲಿನಂತೆ ಮೇಲೆ ಕೆಳಗೆ ಆಡುತ್ತಲೇ ಇರುವದು. ಈ ಆಟವನ್ನು ನಿಲ್ಲಿಸುವದಕ್ಕಾಗಿ ಪಕ್ಕದಲ್ಲಿ ಒಂದು ಎಣ್ಣೆಯ ಕೊಳವೆಯನ್ನು ಇಟ್ಟಿರುತ್ತಾರೆ. ಜನರು ಶಾಕಪ್ಸರು ಎನ್ನುವದು ಇದಕ್ಕೆ. ಕೊಳವೆಯೊಳಗಿನ ದಟ್ಟೆಯು ಚಲಿಸಿದಾಗ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ತಿಣುಕಿ ಹಾಯಬೇಕಾಗುವದು. ಕುಣಿತದ ಶಕ್ತಿಯು ಆ ತಿಣುಕಾಟದಲ್ಲಿ ಬಿಸಿಯಾಗಿ ಕರಗಿಹೋಗುವದು. ಭಾರವನ್ನು ಹೊರುವದು ಶಾಕಪ್ಸರೆಂದು ಬಹು ಜನರ ತಿಳಿವಳಿಕೆ, ಅದು ತಪ್ಪು. ಭಾರವನ್ನು ಹೊರುವದು ಕಮಾನು. ಕಮಾನಿನ ಕುಣಿತವನ್ನು ಅಡಗಿಸುವದು ಶಾಕಪ್ಸರು. ನಮ್ಮ ಕಾರಿನ ಮುಂದಿನ ಭಾಗದಲ್ಲಿ ಇವೆರಡನ್ನೂ ಒಂದೇ ಕಂಬವಾಗಿ ಕೂಡಿಸಿದ್ದಾರೆ. ಈ ಕಂಬವನ್ನು 1940ರ ದಶಕದಲ್ಲಿ ಯೋಜಿಸಿದವನು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೇರಿಕದ ಯಂತ್ರಶಿಲ್ಪಿ. ಅಗ್ಗವೂ ಹಗುರವೂ ಆದ್ದರಿಂದ ಸಣ್ಣ ಕಾರುಗಳೆಲ್ಲ ಹೆಚ್ಚಾಗಿ ಇದನ್ನೇ ಹಿಡಿದಿವೆ.

ಎಣ್ಣೆಯು ಸೋರಿ ಶಾಕಪ್ಸರು ಸತ್ತರೆ ಆಗುವದು ಬೆನ್ನುನೋವು ಮಾತ್ರವೆಂದು ನಾನು ತಿಳಿದಿದ್ದೆನು. ಕುರಿಹಿಂಡಿನ ಮುಂದೆ ಆ ಭ್ರಮೆಯು ಹರಿಯಿತು. ಬ್ರೇಕು ಗಾಲಿಯನ್ನು ನಿಲ್ಲಿಸುವದು. ಕಾರನ್ನು ನಿಲ್ಲಿಸುವದು ಗಾಲಿಗೂ ನೆಲಕ್ಕೂ ಇರುವ ಒತ್ತು. ಗಾಲಿಯು ಹಾರಾಡುತ್ತಿದ್ದರೆ ನೆಲದ ಮೇಲೆ ಒತ್ತು ಎಲ್ಲಿಂದ ಬರಬೇಕು? ಎಷ್ಟು ಒಳ್ಳೆಯ ಬ್ರೇಕಿದ್ದರೂ ಆ ಕ್ಷಣಕ್ಕೆ ಅದು ಗಾಳಿಯನ್ನು ಹಿಡಿದಂತೆಯೇ.

ಮಿಸ್ತ್ರಿಯು ನನ್ನ ಹಳೆಯ ಶಿಷ್ಯನು. ಶಬ್ದರೂಪಗಳು ಅವನ ತಲೆಗೆ ಹತ್ತಲಿಲ್ಲ. ಯಂತ್ರದ ರೂಪಗಳು ಹತ್ತಿದವು. ಅವನು ಮೊದಲು ಕಾರಿನ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬಲವಾಗಿ ಒತ್ತಿ ಬಿಟ್ಟನು. ಒತ್ತಿ ಬಿಟ್ಟ ಮೂಲೆಯು ಒಮ್ಮೆ ಎದ್ದು ತನ್ನ ಸ್ಥಾನದಲ್ಲಿ ನೆಲೆಸಬೇಕು. ನಮ್ಮದರ ಮುಂದಿನ ಎರಡು ಮೂಲೆಗಳು ನಾಲ್ಕು ಸಾರೆ ತೂಗಿದವು. ಇದಿಷ್ಟನ್ನು ಯಾವ ಗೃಹಸ್ಥನೂ ತನ್ನ ಅಂಗಳದಲ್ಲಿ ಮಾಡಿ ನೋಡಬಹುದು. ಆದರೆ ಇದರಲ್ಲಿ ಉತ್ತೀರ್ಣವಾದ ಕಾರು ನಿರ್ದೋಷಿಯೆಂದು ತಿಳಿಯಬಾರದು. ಅರ್ಧ ಸತ್ತ ಶಾಕಪ್ಸರು ಕೈಯ ಒತ್ತಿಗೆ ಸುಮ್ಮನಿದ್ದು ರಸ್ತೆಯಲ್ಲಿ ತನ್ನ ಬುದ್ಧಿಯನ್ನು ತೋರಿಸುವದುಂಟು. ಆ ಮೇಲೆ ಜಾಕಿನ ಮೇಲೆ ಎತ್ತಿ, ಕೆಳಗೆ ಭದ್ರವಾದ ಆಧಾರ ಕೊಟ್ಟು, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದನು. ಎಡಗಾಲಿಯು ಟಕ್ಕೆಂದಿತು. ಅವನು ಮುಖವೆತ್ತಿ, ‘ಸರ್ರೀ, ಕಮಾನಕ್ಕೇನೂ ಆಗಿಲ್ರಿ. ಶಾಕಪ್ಸರ್ ಖಲಾಸ್ ಆಗ್ಯಾವ, ಅದೂ ನಡೀತದ ಅನ್ರಿ. ಆದ್ರ ಈ ಬಾಲ್ ಜಾಯಿಂಟ್ ಅದಲ್ಲ, ಇದು ಯಾವಾಗ ಕೈ ಕೊಡ್ತದೋ ಹೇಳ್ಲಿಕ್ಕೆ ಬರಂಗಿಲ್ರಿ’ ಎಂದನು.

ಬಾಲ್ ಜಾಯಿಂಟ್ ಎಂದರೆ ಗಾಲಿಯ ಕೆಳಗಿನ ತೋಳಿಗೂ ಗಾಲಿಗೂ ನಡುವಿನ ಗುಂಡಿನ ಕೀಲು. ನಮ್ಮ ಭುಜದ ಸಂದಿಯ ಹಾಗೆ, ಬಟ್ಟಲಿನಲ್ಲಿ ಗುಂಡು. ಅದು ಕಳಚಿದರೆ ಗಾಲಿಯು ಹೊರಕ್ಕೆ ಮಲಗಿ ಕಾರು ನೆಲಕ್ಕೆ ಕೂಡುವದು. ಓಣಿಯಲ್ಲಿ ಕಳಚಿದರೆ ನಾಚಿಕೆಯಷ್ಟೇ. ಎದುರಿಗೆ ಲಾರಿ ಬರುವಾಗ ಕಳಚಿದರೆ ಏನಾಗುವದೆಂಬದನ್ನು ಬರೆಯಲಾರೆನು.

ಆಗ ನನಗೆ ವಿಷಯವು ಇಬ್ಭಾಗವಾಗಿ ಕಂಡಿತು. ಸುಖಕ್ಕೆ ಸಂಬಂಧಿಸಿದ ಸವೆತವು ಬೇರೆ, ಪ್ರಾಣಕ್ಕೆ ಸಂಬಂಧಿಸಿದ ಸವೆತವು ಬೇರೆ. ಸುಖದ ಸವೆತಕ್ಕೆ ಹಣದ ಲೆಕ್ಕ ಹಾಕಬಹುದು, ಮುಂದೂಡಬಹುದು. ಪ್ರಾಣದ ಸವೆತಕ್ಕೆ ಎರಡೇ ದಾರಿ: ಅದನ್ನು ಸರಿಪಡಿಸುವದು, ಇಲ್ಲವೆ ಕಾರನ್ನು ಆ ಕ್ಷಣದಿಂದ ನಡೆಸದಿರುವದು. ಮಾರಿಬಿಡುವದು ಮೂರನೆಯ ದಾರಿಯಲ್ಲವೇ ಎಂದು ಮಗನು ಕೇಳಿದನು. ಸ್ಥಿತಿಯನ್ನು ಬಾಯಿಬಿಟ್ಟು ಹೇಳಿ ಮಾರಿದರೆ ಸರಿ. ಹೇಳದೆ ಮಾರಿದರೆ? ಮೂವತ್ತು ಸಾವಿರಕ್ಕೆ ಕೇಳಲು ಬಂದವನು ಅದನ್ನು ಮುರಿದು ಮಾರುವವನಲ್ಲ, ಯಾವುದೋ ಹಳ್ಳಿಯಲ್ಲಿ ನಡೆಸಲು ಕೊಡುವವನು. ಅವನಿಂದ ಕೊಳ್ಳುವವನ ಮನೆಯಲ್ಲಿಯೂ ಒಬ್ಬ ಬಸುರಿಯು ಇರಬಹುದಷ್ಟೆ.

ಇನ್ನೊಂದು ಸಂಗತಿಯು ನನ್ನನ್ನು ಸಿಟ್ಟಿಗೆಬ್ಬಿಸಿತು. ಕೆಳಗಿನ ತೋಳಿನ ರಬ್ಬರಿನ ಬುಷ್‌ಗಳನ್ನು ನಾನು ಎರಡು ವರ್ಷದ ಹಿಂದೆಯೇ ಪರಸ್ಥಳದ ಒಂದು ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದ್ದೆನು. ಅವು ಹರಿದು ಚೂರಾಗಿದ್ದವು. ರಬ್ಬರು ಕೆಟ್ಟದ್ದಿತ್ತೇ ಎಂದು ಕೇಳಿದೆನು. ಮಿಸ್ತ್ರಿಯು ತಲೆಯಾಡಿಸಿ ಕಾರಣವನ್ನು ತೋರಿಸಿದನು. ಕಾರನ್ನು ಎತ್ತಿ ಗಾಲಿಗಳು ಜೋತಾಡುತ್ತಿರುವಾಗಲೇ ಬುಷ್‌ನ ಬೋಲ್ಟನ್ನು ಪೂರಾ ಬಿಗಿದರೆ, ಕಾರನ್ನು ಕೆಳಗಿಳಿಸಿದ ಕೂಡಲೆ ರಬ್ಬರು ತಿರುಚಿಕೊಳ್ಳುವದು. ಆ ತಿರುಚಿನಲ್ಲಿಯೇ ಹಗಲು ರಾತ್ರಿ ಇದ್ದು ಬೇಗನೆ ಹರಿಯುವದು. ಗಾಲಿಗಳನ್ನು ನೆಲಕ್ಕೆ ಮುಟ್ಟಿಸಿ, ಕಾರಿನ ಭಾರವು ಅವುಗಳ ಮೇಲೆ ಕುಳಿತ ಮೇಲೆ ಕಡೆಯ ಬಿಗಿತವನ್ನು ಕೊಡಬೇಕು. ಕಾಲು ತಾಸಿನ ತಾಳ್ಮೆಯ ಕೆಲಸ. ಅದನ್ನು ಮಾಡದಿದ್ದುದರಿಂದ ನನ್ನ ಹಣವು ಹೋಯಿತು. ವಾಚಕರು ಈ ಒಂದು ಮಾತನ್ನು ನೆನಪಿಟ್ಟು ತಮ್ಮ ಮಿಸ್ತ್ರಿಗೆ ಕೇಳಿದರೆ ಈ ಲೇಖದ ಶ್ರಮ ಸಾರ್ಥಕ. ರಬ್ಬರು ಮೂಲೆಯಲ್ಲಿ ನಿಂತ ಕಾರಿನಲ್ಲಿಯೂ ಮುಪ್ಪಾಗುವದು, ಇದನ್ನೂ ಮರೆಯಬಾರದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯು ಅದನ್ನು ಒಣಗಿಸಿ ಬಿರಿಯುವಂತೆ ಮಾಡುತ್ತದೆ. ‘ನನ್ನ ಕಾರು ಹಳೆಯದಾದರೂ ಓಡಿದ್ದು ಕಡಿಮೆ’ ಎನ್ನುವವರು ಒಮ್ಮೆ ಬಗ್ಗಿ ನೋಡಬೇಕು.

ರಾಯಚೂರಿನ ಕಡೆ ಅಪಘಾತವಾದ ಇದೇ ಜಾತಿಯ ಕಾರೊಂದು ಮೋಡಕಿನಲ್ಲಿ ಬಿದ್ದಿದೆ, ಅದರ ತೋಳುಗಳನ್ನು ಸಾವಿರ ರೂಪಾಯಿಯಲ್ಲಿ ತಂದು ಹಾಕಬಹುದೆಂದು ಒಬ್ಬರು ಸೂಚಿಸಿದರು. ಶಾಸ್ತ್ರದಲ್ಲಿ ಇದಕ್ಕೆ ನಷ್ಟಾಶ್ವದಗ್ಧರಥ ನ್ಯಾಯವೆಂದು ಹೆಸರು. ಕುದುರೆ ಕಳೆದುಕೊಂಡವನೂ ರಥ ಸುಟ್ಟುಹೋದವನೂ ಕೂಡಿದರೆ ಇಬ್ಬರೂ ಊರು ಮುಟ್ಟುವರು. ಸೊಗಸಾದ ನ್ಯಾಯ, ಬಾಗಿಲು, ಗಾಜು, ದೀಪಗಳಿಗೆ ನಾನೂ ಅದನ್ನು ಒಪ್ಪಿದವನೇ. ಆದರೆ ಸವೆದ ಗುಂಡಿನ ಕೀಲನ್ನು ತೆಗೆದು ಪೆಟ್ಟು ತಿಂದ ಗುಂಡಿನ ಕೀಲನ್ನು ಹಾಕುವದಕ್ಕೆ ಅದು ಅನ್ವಯಿಸಲಾರದು. ಅಲ್ಲಿ ಕುದುರೆಯಾದರೂ ಜೀವಂತವಾಗಿದ್ದಿತು.

ಎಣ್ಣೆ ತುಂಬಿಸುವ ಎಂಟು ನೂರರ ಸಲಹೆಯನ್ನೂ ಕೇಳಿನೋಡಿದೆನು. ಕೊಳವೆಯನ್ನು ಕೊರೆದು ಎಣ್ಣೆ ತುಂಬಿ ಬೆಸೆಯುವರು. ಸವೆದ ದಟ್ಟೆಯೂ ಸವೆದ ಮುದ್ರೆಯೂ ಹಾಗೆಯೇ ಉಳಿಯುವವು. ಕೆಲವು ತಿಂಗಳಲ್ಲಿ ಎಣ್ಣೆಯು ಬಂದ ದಾರಿಯನ್ನೇ ಹಿಡಿಯುವದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದನ್ನು ಮಿಸ್ತ್ರಿಯು ಕಡೆಗೆ ನೋಡಿದನು, ನಾನೇ ನೆನಪಿಸಬೇಕಾಯಿತು. ಬಾನೆಟ್ಟನ್ನು ಎತ್ತಿದರೆ ಎಡಬಲಗಳಲ್ಲಿ ಆ ಕಂಬಗಳ ತಲೆಯು ಕೂಡುವ ಎರಡು ಗೋಪುರಗಳು ಕಾಣುವವು. ಅಲ್ಲಿಯ ತಗಡು ತುಕ್ಕು ತಿಂದು ಸಡಿಲಾಗಿದ್ದರೆ ಹೊಸ ಕಂಬವನ್ನು ನಿಲ್ಲಿಸುವದು ಹುಳಿತ ತೊಲೆಗೆ ಹೊಸ ಕೊಂಡಿ ಹೊಡೆದಂತೆ. ಹಾಗಿದ್ದಲ್ಲಿ ನಾನು ಮಗನ ಮಾತನ್ನು ಆಗಲೇ ಒಪ್ಪಿಬಿಡುತ್ತಿದ್ದೆನು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು, ಕುಟ್ಟಿ, ಚಾಪೆಯ ಕೆಳಗಿನ ನೆಲವನ್ನೂ ನೋಡಿದೆವು. ಸಮುದ್ರದ ಗಾಳಿಯಿಲ್ಲದ ಸೀಮೆಯ ಪುಣ್ಯ, ಲೋಹವು ಗಟ್ಟಿಯಾಗಿದ್ದಿತು.

ಇನ್ನು ಲೆಕ್ಕ. ಮುಂದಿನ ಶಾಕಪ್ಸರ ಜೋಡಿಗೆ 3,200 ರೂಪಾಯಿ, ಹಿಂದಿನ ಜೋಡಿಗೆ 1,700, ಗುಂಡಿನ ಕೀಲು ಮತ್ತು ಬುಷ್‌ಗಳೊಡನೆ ಎರಡು ತೋಳುಗಳಿಗೆ 2,200, ಉಳಿದ ಸಣ್ಣ ರಬ್ಬರುಗಳಿಗೆ 300, ಕಂಬದ ತಲೆಯ ಆಧಾರಗಳಿಗೆ 1,000, ಕೂಲಿ 2,000, ಗಾಲಿಗಳ ನೇರ್ಪು ನೋಡುವದಕ್ಕೆ 400. ಒಟ್ಟು 10,800. ಒಂದು ಬದಿಯದು ಸರಿಯಿದ್ದರೂ ಶಾಕಪ್ಸರನ್ನು ಜೋಡಿಯಾಗಿಯೇ ಬದಲಿಸಬೇಕು, ಒಂದು ಎತ್ತು ಎಳೆಯದು, ಒಂದು ಮುದಿಯದು ಆದರೆ ನೊಗವು ಓರೆಯಾಗುವದಷ್ಟೆ. ಇಲ್ಲಿಗೆ ಮುಗಿಯಿತೆಂದುಕೊಂಡೆನು. ಆದರೆ ಹಾರಾಡಿದ ಗಾಲಿಗಳ ಟಾಯರುಗಳು ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಸವೆದುಹೋಗಿದ್ದವು. ಮುಂದಿನ ಎರಡು ಟಾಯರುಗಳಿಗೆ 4,600. ಕೂಡಿಸಿದರೆ 15,400. ಮೂರು ವರ್ಷದ ಹಿಂದೆ ಐದು ಸಾವಿರದಲ್ಲಿ ಮುಗಿಯಬಹುದಾಗಿದ್ದುದಕ್ಕೆ ನನ್ನ ಕಿವುಡುತನದ ಬಡ್ಡಿಯು ಸೇರಿತು.

ಮೂವತ್ತು ಸಾವಿರದ ಗಾಡಿಗೆ ಹದಿನೈದು ಸಾವಿರವೇ ಎಂಬ ಮಗನ ಪ್ರಶ್ನೆಗೆ ಈಗ ಉತ್ತರ ಹೇಳಬೇಕು. ಕೇಳಲು ಅದು ಬಲವಾದ ತರ್ಕ. ಆದರೆ ಅದರ ಛೇದವು ತಪ್ಪು. ಪೇಟೆಯು ನನ್ನ ಕಾರಿಗೆ ಕೊಡುವ ಬೆಲೆಯು ಮಾರುವವನಿಗೆ ಬೇಕಾದ ಅಂಕಿ. ಇಟ್ಟುಕೊಳ್ಳುವವನು ಕೇಳಬೇಕಾದದ್ದು, ಈ ಹಣದಿಂದ ನನಗೆ ಎಷ್ಟು ಕಾಲದ ಪ್ರಯಾಣವು ದೊರೆಯುವದು ಎಂಬದನ್ನು. ಎರಡೇ ವರ್ಷ ನಡೆದರೂ ತಿಂಗಳಿಗೆ ಸುಮಾರು 640 ರೂಪಾಯಿ ಬೀಳುವದು. ಹೊಸ ಕಾರಿನ ಕಂತು ತಿಂಗಳಿಗೆ ಹತ್ತು ಸಾವಿರಕ್ಕೆ ಇಳಿಯದು. ಬಾಡಿಗೆಯ ಕಾರು ಯಾದಗಿರಿಗೆ ಒಮ್ಮೆ ಹೋಗಿಬರಲು ಸಾವಿರದೈನೂರು. ನಿವೃತ್ತಿವೇತನದ ಮನೆಯಲ್ಲಿ, ಬಾಣಂತನದ ವರ್ಷದಲ್ಲಿ, ಹತ್ತು ಸಾವಿರದ ಕಂತು ಎಂದರೆ ಏನೆಂಬದು ಮನೆವಾರ್ತೆ ನೋಡುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಸರಕಾರದ ಕಾಗದಪತ್ರದ ಮಾತೂ ಉಂಟು. ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಕ್ಕೆ ತೀರುವದು. ಆ ಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್ ಒಂದರಿಂದ 5,000ಕ್ಕೆ ಏರಿಸಿದರು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಮಾಡಿದರು. ನಮ್ಮದನ್ನು 2023ರಲ್ಲಿ ನವೀಕರಿಸಿಯಾಗಿದೆ. ಮುಂದಿನದು 2028ಕ್ಕೆ. ಅಂದಮೇಲೆ ಈ ರಿಪೇರಿಗೆ ಒಂದು ಸ್ವಾಭಾವಿಕವಾದ ಗಡುವು ತಾನಾಗಿಯೇ ದೊರೆತಂತಾಯಿತು. ಅಲ್ಲಿಯ ವರೆಗೆ ನಡೆಸುವದು. ಆಗ ಹತ್ತು ಸಾವಿರ ಕೊಟ್ಟು ಮತ್ತೆ ಐದು ವರ್ಷ ಪಡೆಯುವ ಮೋಹಕ್ಕೆ ಬೀಳದಿರುವದು. ಇದನ್ನು ಗೋಡೆಯ ಪಂಚಾಂಗದ ಹಿಂದೆ ಬರೆದಿಟ್ಟಿದ್ದೇನೆ; ನಮ್ಮ ಮನೆಯವರ ರುಜುವನ್ನೂ ಮಾಡಿಸಿದ್ದೇನೆ.

ಮಗನ ಪಕ್ಷದಲ್ಲಿಯೂ ಸತ್ಯವುಂಟು, ಅದನ್ನು ಮುಚ್ಚಿಡಲಾರೆನು. 2019ರಿಂದೀಚೆಗೆ ಮಾರಾಟವಾಗುವ ಹೊಸ ಕಾರುಗಳಿಗೆ ಬ್ರೇಕು ಒತ್ತಿದಾಗ ಗಾಲಿಯು ಕಟ್ಟಿಕೊಳ್ಳದಂತೆ ನೋಡುವ ಎಬಿಎಸ್ ಎಂಬ ಯಂತ್ರವೂ, ನಡೆಸುವವನ ಮುಂದೆ ಉಬ್ಬುವ ಗಾಳಿಯ ಚೀಲವೂ ಕಡ್ಡಾಯವಾಗಿವೆ. ನಮ್ಮ ಕಾರಿನಲ್ಲಿ ಎರಡೂ ಇಲ್ಲ. ಹದಿನೈದು ಸಾವಿರವಲ್ಲ, ಐವತ್ತು ಸಾವಿರ ಸುರಿದರೂ ಅವು ಬರಲಾರವು. ಆದ್ದರಿಂದ ರಿಪೇರಿಯ ಜೊತೆಗೆ ಕೆಲವು ಕಟ್ಟಳೆಗಳನ್ನೂ ಒಪ್ಪಿಕೊಂಡೆನು. ಹೆದ್ದಾರಿಯ ದೂರದ ಪ್ರಯಾಣವು ಇದರಲ್ಲಿಲ್ಲ. ರಾತ್ರಿ ನಾನು ನಡೆಸುವದಿಲ್ಲ. ಕಣ್ಣಿನ ಕಮಾನೂ ಸ್ವಲ್ಪ ಸಡಿಲಾಗಿದೆ. ಹೆರಿಗೆಯ ಬೇನೆಯು ಬಂದಾಗ ಈ ಕಾರನ್ನು ನಂಬಿಕೊಂಡು ಕೂಡುವದಿಲ್ಲ. ನಮ್ಮ ರಾಜ್ಯದಲ್ಲಿ 2008ರಿಂದ ಇರುವ 108ರ ಗಾಡಿಯನ್ನು ಕರೆಯುವದು. ಹಿಂದಿನ ಆಸನದಲ್ಲಿ ಬಸುರಿಯು ಪಟ್ಟಿಯನ್ನು ಕಟ್ಟಿಕೊಳ್ಳುವದು, ಅಡ್ಡಪಟ್ಟಿಯು ಹೊಟ್ಟೆಯ ಕೆಳಗೆ ತೊಡೆಯ ಮೇಲೆ ಬರುವಂತೆ. ಈ ಕಡೆಯ ಕಟ್ಟಳೆಯನ್ನು ಮಗಳೇ ಸೇರಿಸಿದಳು. ಅವಳ ಡಾಕ್ಟರಮ್ಮನವರು ಹೇಳಿದ್ದಂತೆ.

ಸಂಸ್ಕಾರವು ಮೂರು ಬಗೆಯೆಂದು ಮೇಲೆ ಬರೆದೆನಷ್ಟೆ. ವೇಗವನ್ನೂ ಸ್ಥಿತಿಸ್ಥಾಪಕವನ್ನೂ ಮಿಸ್ತ್ರಿಯು ನೋಡಿಕೊಂಡನು. ಭಾವನೆಯೆಂಬ ಮೂರನೆಯದು, ಅಂದರೆ ಅನುಭವದಿಂದ ಹುಟ್ಟಿ ನೆನಪಿಗೆ ಕಾರಣವಾಗುವ ಸಂಸ್ಕಾರವು, ನನ್ನಲ್ಲಿ ಇದ್ದಿತು. ತಾಯಿಯವರು ಕಡೆಗೆ ಒರಗಿದ್ದ ಆ ಆಸನವನ್ನು ನೋಡಿದಾಗ ಲೆಕ್ಕವು ತಾನೇ ತಾನಾಗಿ ರಿಪೇರಿಯ ಕಡೆಗೆ ವಾಲುತ್ತಿದ್ದಿತು. ಅದಕ್ಕಾಗಿಯೇ ನಾನು ಅಂಕಿಗಳನ್ನು ಮಗನಿಂದ ಮತ್ತೊಮ್ಮೆ ಕೂಡಿಸಿಸಿದೆನು. ಅವನು ಒಪ್ಪಿದನು, 2028ರ ಗಡುವನ್ನು ಮಾತ್ರ ನಾಲ್ಕು ಸಾರೆ ನನ್ನ ಬಾಯಿಂದ ಹೇಳಿಸಿಕೊಂಡು.

ಕೆಲಸಕ್ಕೆ ಎರಡು ದಿನ ಹಿಡಿದವು. ಕಂಬದಿಂದ ಕಮಾನನ್ನು ಬಿಡಿಸುವಾಗ ಅದನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಕೈ ಹಾಕಬಾರದು. ಅದುಮಿದ ಕಮಾನು ಸಿಡಿದರೆ ಮನುಷ್ಯನ ತಲೆಯನ್ನೇ ಒಡೆದೀತು. ಮಿಸ್ತ್ರಿಯ ಹತ್ತಿರ ಅದು ಇರಲಿಲ್ಲ, ಯಾದಗಿರಿಯಿಂದ ಎರವಲು ತರುವ ವರೆಗೆ ಅವನು ಕಾದನು. ಅವನ ಮೇಲಿನ ನನ್ನ ಗೌರವವು ಅಂದು ಹೆಚ್ಚಿತು. ಬುಷ್‌ಗಳನ್ನು ಗಾಲಿಗಳು ನೆಲಕ್ಕೆ ಮುಟ್ಟಿದ ಮೇಲೆಯೇ ಬಿಗಿದನು, ನಾನು ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆನು. ತೆಗೆದ ಸಾಮಾನುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ಮನೆಗೆ ತಂದೆನು. ಹೊಸದು ಹಾಕಿದ್ದಾರೆಂಬದಕ್ಕೆ ಹಳೆಯದೇ ರಶೀದಿ.

ಅಂದ ಹಾಗೆ, ಕಡೇಚೂರಿನಲ್ಲಿ ರೈಲು ಡಬ್ಬಿಗಳ ಬೋಗಿಯ ಚೌಕಟ್ಟನ್ನು ಮಾಡುವ ಕಾರ್ಖಾನೆಯಿದೆ. ಡಬ್ಬಿಗೇ ಬೋಗಿ ಎನ್ನುವದು ನಮ್ಮ ಜನರ ರೂಢಿ. ನಿಜಕ್ಕೆ ಬೋಗಿಯೆಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನೂ ಕಮಾನುಗಳನ್ನೂ ಹೊತ್ತ ಚೌಕಟ್ಟು. ಊರೂರಿನ ಪ್ರಯಾಣಿಕರು ಮೈ ನೋಯದಂತೆ ಹೋಗುವ ವಸ್ತುವು ನಮ್ಮ ನೆರೆಯಲ್ಲಿಯೇ ತಯಾರಾಗುತ್ತಿರುವಾಗ ನಾವು ಮಾತ್ರ ಕುಣಿಯುತ್ತ ಹೋಗುತ್ತಿದ್ದೆವಲ್ಲಾ ಎಂದು ನಗು ಬಂದಿತು.

ನಮ್ಮ ಮನೆಯವರಿಗೆ ಮಿಸ್ತ್ರಿಯ ಮಾತಾಗಲಿ ನನ್ನ ಮಾತಾಗಲಿ ಸಾಲದಾಯಿತು. ಕಳೆದ ಗುರುವಾರ ಅವರು ಹಿತ್ತಾಳೆಯ ತಂಬಿಗೆಯಲ್ಲಿ ಕಂಠದ ವರೆಗೆ ನೀರು ತುಂಬಿ, ಮುಚ್ಚಳ ಹಾಕದೆ, ಹಿಂದಿನ ಆಸನದ ಕೆಳಗೆ ಕಾಲುಗಳ ನಡುವೆ ಇಟ್ಟುಕೊಂಡು ಯಾದಗಿರಿಗೆ ಬಂದರು. ಹಿಂದೆ ಎಷ್ಟೋ ಸಾರೆ ಹೀಗೆ ನೀರು ಒಯ್ದದ್ದುಂಟು. ಊರು ಮುಟ್ಟುವಷ್ಟರಲ್ಲಿ ಅರ್ಧವು ಚಾಪೆಯ ಪಾಲಾಗುತ್ತಿದ್ದಿತು. ಈ ಸಾರೆ ದವಾಖಾನೆಯ ಬಾಗಿಲಿನಲ್ಲಿ ಇಳಿದು ನೋಡಿದರೆ ನೀರು ಕಂಠದಿಂದ ಎರಡು ಬೆರಳಷ್ಟು ಮಾತ್ರ ಇಳಿದಿದ್ದಿತು. ‘ಈ ಎರಡು ಬೆರಳು ರಸ್ತೆದ್ದು. ಗಾಡಿದಲ್ಲ’ ಎಂದು ತೀರ್ಪು ಕೊಟ್ಟು ಉಳಿದ ನೀರನ್ನು ಅಲ್ಲಿಯೇ ಇದ್ದ ತುಳಸಿಯ ಗಿಡಕ್ಕೆ ಹಾಕಿದರು.

ಮಗಳು ಬರುವ ವಾರ ರೈಲಿಗೆ ಬರುತ್ತಾಳೆ. ಬೆಳಗಿನ ಹೊತ್ತು, ಸ್ಟೇಶನ್ನಿಗೆ ನಾನೇ ಕಾರನ್ನು ಒಯ್ಯುವವನಿದ್ದೇನೆ. ಬಾಣಂತಿಯ ಕೋಣೆಯನ್ನು ಅಣಿಗೊಳಿಸುವ ವಿಷಯವಾಗಿ ಮೂವರು ಸೋದರಿಯರು ಕೇಳಿದ್ದಾರೆ. ಅದನ್ನು ಮುಂದಿನ ತಿಂಗಳು ಬರೆಯುವೆನು.